ಟಬ್ಬಿನ ಮುಂದೆ ಬಾಯಿಗೆ ಬೀಗ

ರಜೆ ಶುರುವಾಯಿತೆಂದರೆ ನನ್ನ ಫೋನಿನ ತುಂಬ, ಮನೆಯಲ್ಲಿ ಮಕ್ಕಳಿಗೆ ಸಮುದ್ರದ ಆಟ ಆಡಿಸುವ ಪೋಷಕರು ಕಳಿಸುವ ನೀಲಿ ಫೋಟೊಗಳು. ನೀಲಿ ನೀರಿನ ಟಬ್ಬು, ಅದರಲ್ಲೊಂದು ಪ್ಲಾಸ್ಟಿಕ್ ತಿಮಿಂಗಿಲ, ತಳದಲ್ಲಿ ಕಪ್ಪೆಚಿಪ್ಪು, ಪಕ್ಕದಲ್ಲಿ ಪೇಪರ್ ಪ್ಲೇಟಿನ ಆಕ್ಟೋಪಸ್. ಆ ಆಕ್ಟೋಪಸ್ಸಿನ ಎಂಟೂ ತೋಳು ಒಂದೇ ಅಳತೆಗೆ ಕತ್ತರಿಸಿರುತ್ತವೆ. ಮೂರೂವರೆ ವರ್ಷದ ಕೈ ಅಷ್ಟು ನೇರಕ್ಕೆ ಕತ್ತರಿ ಆಡಿಸುವುದಿಲ್ಲ ಅಂತ ಗೊತ್ತಿದ್ದೂ "ಚೆನ್ನಾಗಿದೆ" ಅಂತ ಉತ್ತರ ಕಳಿಸುತ್ತೇನೆ. ಅಪ್ಪ ಅಮ್ಮಂದಿರಿಗೂ ಆಟ ಬೇಕಲ್ಲ, ಆಡಲಿ.

ನನ್ನ ತಕರಾರು ಇರುವುದು ಆಮೇಲೆ ಬರುವ ವಿಡಿಯೊ ಬಗ್ಗೆ. ಮಗು ಟಬ್ಬಿಗೆ ಕೈ ಇಳಿಸಿರುತ್ತದೆ. ಕ್ಯಾಮೆರಾ ಹಿಂದಿನ ದನಿ ಶುರು: "ಇದ್ಯಾವ ಬಣ್ಣ ಪುಟ್ಟಾ? ಮೀನು ಎಷ್ಟಿದೆ, ಎಣಿಸು. ಇದರ ಹೆಸರೇನು? ನಿನ್ನೆ ಹೇಳಿದ್ನಲ್ಲ... ನ... ನಕ್ಷ..." ಮಗು "ನಕ್ಷತ್ರ ಮೀನು" ಅನ್ನುತ್ತದೆ, "ವೆರಿ ಗುಡ್" ಬರುತ್ತದೆ, ವಿಡಿಯೊ ಮುಗಿಯುತ್ತದೆ. ಇನ್ನೊಮ್ಮೆ ಹಾಕಿ, ಈ ಸಲ ಮಗುವಿನ ಕೈ ಮಾತ್ರ ನೋಡಿ. ಮೊದಲ ಪ್ರಶ್ನೆ ಬಂದ ಗಳಿಗೆಯಲ್ಲೇ ಆ ಕೈ ನಿಂತುಬಿಟ್ಟಿದೆ. ಅಲ್ಲಿಯವರೆಗೆ ಅದೇನೋ ಮಾಡುತ್ತಿತ್ತು, ಚಿಪ್ಪಿನಲ್ಲಿ ನೀರು ಮೊಗೆದು ತಿಮಿಂಗಿಲದ ಬೆನ್ನ ಮೇಲೆ ಸುರಿಯುತ್ತಿತ್ತು. ಕಲಿಕೆ ಅಂದರೆ ಅದೇ. ನಕ್ಷತ್ರ ಮೀನಿನ ಹೆಸರು ಇವತ್ತಲ್ಲದಿದ್ದರೆ ನಾಳೆ ಬರುತ್ತದೆ.

ಇಷ್ಟು ಹೇಳಿದರೆ ಪೋಷಕರು ತಲೆಯಾಡಿಸುತ್ತಾರೆ. "ಹೌದು ಮೇಡಂ, ಪ್ರಶ್ನೆ ಕಮ್ಮಿ ಮಾಡ್ತೀವಿ" ಅನ್ನುತ್ತಾರೆ. ಮುಂದಿನ ವಿಡಿಯೊದಲ್ಲಿ ಪ್ರಶ್ನೆ ಒಂದೇ ಇರುತ್ತದೆ, ಉತ್ತರವೂ ಅವರದ್ದೇ ಇರುತ್ತದೆ! "ಕಲ್ಲು ಮುಳುಗುತ್ತಾ ತೇಲುತ್ತಾ? ಮುಳುಗುತ್ತೆ ಅಲ್ವಾ?" ನಾನು ಹೇಳುತ್ತಿರುವುದು ಪ್ರಶ್ನೆಗಳ ಲೆಕ್ಕವನ್ನಲ್ಲ. ಕೇಳಿ, ಖಂಡಿತ ಕೇಳಿ. ಕೇಳಿದ ಮೇಲೆ ಕಾಯಿರಿ.

ಇದು ನನ್ನೊಬ್ಬಳ ಹಟವಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಗಳ ವಿಜ್ಞಾನ ತರಗತಿಗಳನ್ನು ಧ್ವನಿಮುದ್ರಿಸಿಕೊಂಡು ಗಮನಿಸಿದರು. ಪ್ರಶ್ನೆ ಹಾಕಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಕಾದು ಮುಂದೆ ಹೋಗಿಬಿಡುತ್ತಿದ್ದರು. ಆ ಬಿಡುವನ್ನು ಮೂರು ಸೆಕೆಂಡಿಗೋ ಅದಕ್ಕಿಂತ ಹೆಚ್ಚಿಗೋ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಕಡಿಮೆಯಾಯಿತು, ಮಕ್ಕಳೇ ತಿರುಗಿ ಪ್ರಶ್ನೆ ಕೇಳತೊಡಗಿದರು. ಅವರು ನೋಡಿದ್ದು ಶಾಲೆಗೆ ಹೋಗುವ ಮಕ್ಕಳನ್ನು. ಮೂರು, ನಾಲ್ಕು ವರ್ಷದವರಿಗೆ ಇನ್ನೂ ಹೆಚ್ಚು ಸಮಯ ಬೇಕು ಅನ್ನುವುದು ನನ್ನ ಅನುಭವ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಅನ್ನುತ್ತೇನೆ. ನಾಲ್ಕಕ್ಕೇ ದೊಡ್ಡವರ ತುಟಿ ಅಲುಗಾಡಲು ಶುರುವಾಗುತ್ತದೆ, ಪಾಪ.

ಕಾದರೆ ಏನು ಸಿಗುತ್ತದೆ? ಒಂದು ಸ್ಪಂಜಿನ ಕತೆ ಹೇಳುತ್ತೇನೆ. ತೇಲುವ, ಮುಳುಗುವ ವಸ್ತುಗಳ ಆಟಕ್ಕೆ ನಾನು ಸ್ಪಂಜನ್ನು ಬಿಡುವುದೇ ಇಲ್ಲ, ಅದು ಎರಡು ಪಕ್ಷಕ್ಕೂ ಸೇರದ ಪ್ರಾಣಿ. ಒಬ್ಬ ತಂದೆ ನನ್ನೆದುರೇ ಮಗಳೊಂದಿಗೆ ಕೂತಿದ್ದರು. ಅವಳು ಒಣ ಸ್ಪಂಜು ಬಿಟ್ಟಳು, ತೇಲಿತು. ಅವರು "ತೇಲುವ" ಬುಟ್ಟಿಯನ್ನು ಮುಂದೆ ತಳ್ಳಿದರು. ನಾನು ಅವರಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಸುಮ್ಮನಾದರು. ಅವಳು ಬುಟ್ಟಿ ಕಡೆ ನೋಡಲೇ ಇಲ್ಲ. ಒಂದು ಬೆರಳಿನಿಂದ ಸ್ಪಂಜಿನ ಮೂಲೆ ಒತ್ತಿದಳು, ಮೂಲೆ ಮುಳುಗಿ ಮತ್ತೆ ಎದ್ದಿತು. ಅಂಗೈಯಿಟ್ಟು ಪೂರ್ತಿ ಒಳಗೆ ಅದುಮಿದಳು. ಗುಳ್ಳೆ ಬಂದವು. ಮುಖ ನೀರಿನ ಹತ್ತಿರ ತಂದು ಗುಳ್ಳೆ ಎಲ್ಲಿಂದ ಬರುತ್ತಿವೆ ಅಂತ ನೋಡಿದಳು, ಮತ್ತೆ ಹಿಂಡಿದಳು, ಗುಳ್ಳೆ ಕಮ್ಮಿಯಾದವು. ಕೈ ಬಿಟ್ಟಾಗ ಸ್ಪಂಜು ಮೇಲೆ ಬರಲಿಲ್ಲ, ನೀರಿನ ನಡುವೆ ತೂಗಾಡುತ್ತಿತ್ತು. ಆಮೇಲೆ ಯಾರನ್ನೂ ನೋಡದೆ ಹೇಳಿದಳು: "ಅದಕ್ಕೆ ಬಾಯಾರಿಕೆ ಆಗಿತ್ತು. ಕುಡೀತು. ಈಗ ಭಾರ."

ಗಾಳಿ ಹೋದ ಜಾಗಕ್ಕೆ ನೀರು ಬಂದು ತೂಕ ಹೆಚ್ಚಿತು ಅನ್ನುವುದನ್ನು ನಾಲ್ಕು ವರ್ಷದ ಮಗು ಇದಕ್ಕಿಂತ ಚೆನ್ನಾಗಿ ಹೇಳಲಾರದು. ಅಪ್ಪ ಸುಮ್ಮನಾಗದೆ ಹೋಗಿದ್ದರೆ ಸ್ಪಂಜು "ತೇಲುವ" ಗುಂಪಿಗೆ ಸೇರಿ ಆಟ ಮುಗಿಯುತ್ತಿತ್ತು.

ಈ ವಯಸ್ಸಿನವರಿಗೆ ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ. ಈ ನಂಬಿಕೆಯನ್ನು ಮಾತಿನಿಂದ ತಿದ್ದಲು ಹೋಗಬೇಡಿ, ದಯವಿಟ್ಟು ಸಾಂದ್ರತೆ ಅನ್ನುವ ಪದ ತೆಗೆಯಬೇಡಿ. ಒಂದು ದಪ್ಪ ಮರದ ತುಂಡು, ಒಂದು ಸಣ್ಣ ಉಕ್ಕಿನ ಚಮಚ ಕೊಟ್ಟು ಸುಮ್ಮನಿರಿ. ಇನ್ನೊಂದು ದಿನ ಮಾಡೆಲಿಂಗ್ ಕ್ಲೇ ಕೊಡಿ. ಹಿಟ್ಟಿನದ್ದು ಬೇಡ, ನೀರಿನಲ್ಲಿ ರಾಡಿಯಾಗುತ್ತದೆ, ಎಣ್ಣೆಯ ಅಂಶದ್ದೇ ಬೇಕು. ಉಂಡೆ ಮುಳುಗುತ್ತದೆ, ಅದೇ ಉಂಡೆಯನ್ನು ತಟ್ಟಿ ಅಂಚು ಎತ್ತಿ ದೋಣಿ ಮಾಡಿದರೆ ತೇಲುತ್ತದೆ. ಎತ್ತರದ ಲೋಟದಿಂದ ಅಗಲದ ಬಟ್ಟಲಿಗೆ ನೀರು ಸುರಿದಾಗ "ನೀರು ಕಮ್ಮಿ ಆಯ್ತು" ಅಂದರೂ ವಾದ ಬೇಡ. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿಕೊಟ್ಟ ಹಾಗೆ, ಪಾತ್ರೆ ಬದಲಾದರೂ ನೀರಿನ ಪ್ರಮಾಣ ಅಷ್ಟೇ ಅನ್ನುವುದು ಹೆಚ್ಚಿನ ಮಕ್ಕಳಿಗೆ ಆರೇಳು ವರ್ಷದ ಸುಮಾರಿಗಷ್ಟೇ ಗಟ್ಟಿಯಾಗುತ್ತದೆ.

ಉಪ್ಪುನೀರಿನ ಪ್ರಯೋಗದ ಬಗ್ಗೆ ಒಂದು ಮಾತು. "ಸಮುದ್ರದ ನೀರಲ್ಲಿ ಮೊಟ್ಟೆ ತೇಲುತ್ತೆ ನೋಡು" ಅಂತ ಎಲ್ಲರೂ ಹೇಳಿಕೊಡುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿರುವ ಉಪ್ಪು ಸುಮಾರು 35 ಗ್ರಾಂ. ಅಷ್ಟಕ್ಕೆ ತಾಜಾ ಮೊಟ್ಟೆ ತೇಲುವುದಿಲ್ಲ, ಅದರ ಮೂರು ಪಟ್ಟೋ ಇನ್ನೂ ಸ್ವಲ್ಪ ಹೆಚ್ಚೋ ಬೇಕಾಗುತ್ತದೆ. ಹಾಗಾಗಿ ಮೊಟ್ಟೆಯನ್ನು ಮೊದಲು ಸಿಹಿನೀರಿಗೆ ಹಾಕಿ, ಉಪ್ಪಿನ ಚಮಚವನ್ನು ಮಗುವಿನ ಕೈಗೇ ಕೊಡಿ. ಒಂದು ಚಮಚ, ಕಲಕು, ನೋಡು. ಏನೂ ಆಗಲಿಲ್ಲ. ಇನ್ನೊಂದು. ಈ "ಏನೂ ಆಗಲಿಲ್ಲ" ಅನ್ನುವ ಹೊತ್ತೇ ಚೆನ್ನಾಗಿರುವುದು, ಅದನ್ನು ಮೊದಲೇ ಹೇಳಿ ಕೆಡಿಸಬೇಡಿ. ಆ ನೀರು ಕುಡಿಯದಂತೆ ಮಾತ್ರ ನೋಡಿಕೊಳ್ಳಿ, ಅಷ್ಟು ಉಪ್ಪು ಮಗುವಿನ ಹೊಟ್ಟೆಗೆ ಹೋಗಬಾರದು.

ಬಾಯಿಗೆ ಬೀಗ ಅಂದೆ, ಕಣ್ಣಿಗಲ್ಲ. ಐದಾರು ಸೆಂಟಿಮೀಟರ್ ನೀರಿನಲ್ಲೂ ಪುಟ್ಟ ಮಕ್ಕಳು ಮುಳುಗಿ ಸಾಯಬಹುದು, ಅದೂ ಸದ್ದೇ ಇಲ್ಲದೆ. ಬಾಗಿಲು ಬೆಲ್ ಆದರೆ ಮಗುವನ್ನು ಎತ್ತಿಕೊಂಡೇ ಎದ್ದುಹೋಗಿ, ಆಟ ಮುಗಿದ ತಕ್ಷಣ ಟಬ್ ಖಾಲಿ ಮಾಡಿ. ನೀರಿನಲ್ಲಿ ಹತ್ತಾರು ಪಟ್ಟು ಉಬ್ಬುವ ಬಣ್ಣಬಣ್ಣದ ಜೆಲ್ ಮಣಿಗಳು "ಸಮುದ್ರದ ಮುತ್ತು" ಅಂತ ಬಹಳ ವಿಡಿಯೊಗಳಲ್ಲಿವೆ. ನುಂಗಿದರೆ ಕರುಳಿನಲ್ಲೇ ಉಬ್ಬಿ ಅಡ್ಡಗಟ್ಟುತ್ತವೆ. ಪುಟ್ಟ ಮಕ್ಕಳಿರುವ ಮನೆಗೆ ಅವು ಬರಲೇಬಾರದು, ಇದರಲ್ಲಿ ನನಗೆ ರಾಜಿಯಿಲ್ಲ.

ನೀರು ಬೇಡವಾದ ದಿನ ಹಗ್ಗ ತೆಗೆಯಿರಿ. ನೀಲಿ ತಿಮಿಂಗಿಲ 30 ಮೀಟರ್‌ವರೆಗೂ ಬೆಳೆಯುತ್ತದೆ. ಅಷ್ಟುದ್ದದ ಹಗ್ಗ ಅಳೆದು ಬಯಲಲ್ಲಿ ಹಾಸಿ, ಮಗು ಅದರ ಮೇಲೆ ಬಾಲದಿಂದ ಮೂತಿಗೆ ನಡೆಯಲಿ. ಮನೆಯೊಳಗೇ ಹಾಸಲು ಹೋದವರಿದ್ದಾರೆ, ತಿಮಿಂಗಿಲ ಅಡುಗೆಮನೆಗೆ ಹೋಗಿ ತಿರುಗಿ ಮಂಚದ ಕೆಳಗೆ ಸೇರಿಕೊಂಡಿತಂತೆ. ಅದೂ ಸರಿಯೇ. ನಡೆಯುವಾಗ ಮಗು "ತಿಮಿಂಗಿಲ ಮೀನು" ಅಂದರೆ ಅಲ್ಲೇ ತಡೆದು "ಅದು ಸಸ್ತನಿ" ಅನ್ನಬೇಡಿ. ನಡಿಗೆ ಮುಗಿದ ಮೇಲೆ, ಅದು ಉಸಿರಾಡಲು ನೀರಿನ ಮೇಲೆ ಬರುತ್ತದೆ, ಮರಿಗೆ ಹಾಲು ಕೊಡುತ್ತದೆ ಅಂತ ಹೇಳಿ, ಸಾಕು.

ಎಷ್ಟು ಕಾದರೂ ಮಾತಾಡದ ಮಕ್ಕಳಿದ್ದಾರೆ. ಹೆಚ್ಚಿನವರಿಗೆ ಕೈ ಕೆಲಸ ಮಾಡುವಾಗ ಬಾಯಿ ಬೇಕಿಲ್ಲ, ಅಷ್ಟೇ. ಟಬ್ಬಿನ ಮುಂದಿನ ಮೌನ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಆದರೆ ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಮೂರು ತುಂಬಿದರೂ ಎರಡು ಮೂರು ಪದ ಸೇರಿಸಿ ಮಾತಾಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಇನ್ನು ಕೆಲವರಿಗೆ ಒದ್ದೆ ಅಂದರೇ ಆಗದು, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಕೈ ಹಿಡಿದು ಅದ್ದಬೇಡಿ. ಉದ್ದ ಹಿಡಿಯ ಸೌಟು ಕೊಡಿ, ಪಕ್ಕದಲ್ಲಿ ಒಣ ಟವೆಲ್ ಇಡಿ.

"ಹಾಗಾದರೆ ಆಕ್ಟೋಪಸ್ಸಿಗೆ ಮೂರು ಹೃದಯ, ನೀಲಿ ರಕ್ತ ಅಂತೆಲ್ಲ ಯಾವಾಗ ಕಲಿಸೋದು?" ಈ ಪ್ರಶ್ನೆ ಬಂದೇ ಬರುತ್ತದೆ. ರಾತ್ರಿ ಮಲಗಿಸುವಾಗ ಹೇಳಿ, ಮಕ್ಕಳಿಗೆ ಅದು ಬಲು ಇಷ್ಟ. ಬೆಳಿಗ್ಗೆ ಎದ್ದ ಕೂಡಲೇ "ಎಷ್ಟು ಹೃದಯ, ಹೇಳು ನೋಡೋಣ" ಅಂತ ಮಾತ್ರ ಶುರು ಮಾಡಬೇಡಿ.