ಕ್ಷಮೆಗೆ ವೇಟಿಂಗ್ ಪೀರಿಯಡ್ ಇಲ್ಲ

ಪಾಸ್ಟರ್ ಆಗಿ ಕೌನ್ಸೆಲಿಂಗ್‌ಗೆ ಕೂತಾಗ ನಾನು ಮತ್ತೆ ಮತ್ತೆ ನೋಡೋದು ಏನಂದ್ರೆ, ಜನ ತಪ್ಪು ಮಾಡಿದ್ಮೇಲೆ ತಮಗೆ ತಾವೇ ಶಿಕ್ಷೆ ಹಾಕ್ಕೊಂಡಿರ್ತಾರೆ. ಪ್ರಾರ್ಥನೆ ನಿಲ್ಲಿಸ್ತಾರೆ, ಬೈಬಲ್ ಮುಟ್ಟಲ್ಲ, ಕರ್ತರ ಭೋಜನದ (ಯೇಸುವಿನ ನೆನಪಿಗೆ ಚರ್ಚ್‌ನಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋ) ದಿನ ಹಿಂದೆ ಎಲ್ಲೋ ಕೂತು ಮೆಲ್ಲಗೆ ಎದ್ದು ಹೋಗ್ತಾರೆ. ಕೇಳಿದ್ರೆ "ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ ಪಾಸ್ಟರ್, ಮೊದ್ಲು ಸ್ವಲ್ಪ ಸರಿ ಹೋಗ್ತೀನಿ, ಆಮೇಲೆ ಕ್ಷಮೆ ಕೇಳ್ತೀನಿ" ಅಂತಾರೆ. ನೋಡೋಕೆ ವಿನಯ, ಆದ್ರೆ ನನ್ನ ಲೆಕ್ಕದಲ್ಲಿ ಇದು ಪುಕ್ಕಟೆ ಸಿಗೋದನ್ನ ದುಡಿದು ತಗೋತೀನಿ ಅನ್ನೋ ಹಠ.

ರಾಜ ದಾವೀದನನ್ನೇ ನೋಡಿ, ಬೈಬಲ್‌ನ 2 ಸಮುವೇಲ 12ನೇ ಅಧ್ಯಾಯ. ಬತ್ಷೆಬೆಯನ್ನ ಕರೆಸ್ಕೊಂಡಿದ್ದು, ಆಮೇಲೆ ಅವಳ ಗಂಡ ಊರೀಯನನ್ನ ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿದ್ದು, ಸಣ್ಣ ತಪ್ಪಲ್ಲ. ಪ್ರವಾದಿ ನಾತಾನ ಬಂದು ಮುಖಕ್ಕೇ ಹೇಳಿದಾಗ ದಾವೀದ ನಾನು ಯೆಹೋವನಿಗೆ ವಿರುದ್ಧ ಪಾಪ ಮಾಡಿದೀನಿ ಅಂತ ಒಪ್ಕೋತಾನೆ, ಅಷ್ಟೇ, ಅದು 13ನೇ ವಚನ, ಯೆಹೋವನು ನಿನ್ನ ಪಾಪ ತೆಗೆದುಬಿಟ್ಟಿದಾನೆ ಅಂತ ನಾತಾನ ಹೇಳೋದೂ ಅದೇ ವಚನದಲ್ಲೇ. ಮಧ್ಯೆ ಉಪವಾಸ ಇಲ್ಲ, ಬಲಿ ಇಲ್ಲ. ಲೂಕ 15ರಲ್ಲೂ ಹಾಗೇ, ಮನೆ ಬಿಟ್ಟು ಹೋದ ಮಗ ನನ್ನನ್ನ ಕೂಲಿ ಆಳಾಗಿ ಇಟ್ಕೋ ಅಂತ ಕೇಳ್ಬೇಕು ಅಂತ ದಾರಿಯಲ್ಲೇ ಮಾತು ರೆಡಿ ಮಾಡ್ಕೊಂಡು ಬರ್ತಾನೆ, ಅಪ್ಪ ದೂರದಿಂದಲೇ ನೋಡಿ ಓಡಿಹೋಗಿ ತಬ್ಕೋತಾನೆ, ಆ ಕೂಲಿ ಆಳಿನ ಮಾತು ಮಗನ ಬಾಯಿಂದ ಬರೋದೇ ಇಲ್ಲ.

ಯಾಕೆ ಇಷ್ಟು ಬೇಗ? ದೇವರಿಗೆ ಪಾಪ ಅಂದ್ರೆ ಸಸಾರ ಅಂತಲ್ಲ. ಇಬ್ರಿಯ 10 ಹೇಳೋ ಹಾಗೆ ಕ್ರಿಸ್ತನ ಬಲಿ ಒಂದೇ ಸಾರಿ, ಎಲ್ಲಾ ಕಾಲಕ್ಕೂ ಸೇರಿ ಆಗಿದೆ, ನಾವು ಕೇಳಿದ ದಿನ ಹೊಸದಾಗಿ ಬೆಲೆ ಕಟ್ಟೋದಿಲ್ಲ. ನಾನು ಎಷ್ಟು ಅತ್ತೆ ಅನ್ನೋದು ಈ ಲೆಕ್ಕಕ್ಕೇ ಬರಲ್ಲ.

ಸಭೆಯ, ಅಂದ್ರೆ ಚರ್ಚ್‌ನ, ಇತಿಹಾಸದಲ್ಲಿ ಕಾಯಿಸಿದ್ದೂ ಉಂಟು. ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ್ದ ನೈಸಿಯಾ ಮಹಾಸಭೆಯ 11ನೇ ನಿಯಮದ ಪ್ರಕಾರ, ಅಂಥ ಒತ್ತಾಯ ಏನೂ ಇಲ್ದೇನೇ ನಂಬಿಕೆ ಬಿಟ್ಟವರು ಮತ್ತೆ ಕರ್ತರ ಭೋಜನಕ್ಕೆ ಸೇರೋಕೆ ಹಂತ ಹಂತವಾಗಿ 3 ವರ್ಷ, 7 ವರ್ಷ, 2 ವರ್ಷ ಅಂತ ಒಟ್ಟು 12 ವರ್ಷ ಕಾಯ್ಬೇಕಿತ್ತು. ಆದ್ರೆ ಅದೇ ಮಹಾಸಭೆಯ 13ನೇ ನಿಯಮ ನೋಡಿ, ಸಾಯೋ ಸ್ಥಿತಿಯಲ್ಲಿರೋನಿಗೆ ಕರ್ತರ ಭೋಜನವನ್ನ ತಡೀಬಾರ್ದು ಅನ್ನತ್ತೆ. ಅಂದ್ರೆ ಆ ವರ್ಷಗಳು ಸಭೆಯ ಶಿಸ್ತು, ದೇವರು ಅಲ್ಲೀವರೆಗೂ ಮುಖ ತಿರುಗಿಸ್ಕೊಂಡಿರ್ತಾನೆ ಅಂತಲ್ಲ, ನಾನು ಹಾಗೇ ಓದ್ಕೋತೀನಿ.

ಇನ್ನು ಕೆಲವರು "ಕೇಳ್ಕೊಂಡೆ, ಆದ್ರೆ ಏನೂ ಫೀಲ್ ಆಗ್ಲಿಲ್ಲ" ಅಂತಾರೆ. 1 ಯೋಹಾನ 1:9ರಲ್ಲಿ ಫೀಲಿಂಗ್ ಸುದ್ದಿನೇ ಇಲ್ಲ, ಪಾಪ ಒಪ್ಕೊಂಡ್ರೆ ಕ್ಷಮಿಸೋಕೆ ದೇವರು ನಂಬಿಗಸ್ತ, ನೀತಿವಂತ ಅನ್ನೋದಷ್ಟೇ ಇದೆ. ಮನಸ್ಸು ಹಗುರ ಆಗೋಕೆ ಟೈಮ್ ಬೇಕು, ಆಗ್ಲಿ.

ಇದನ್ನ ದುರುಪಯೋಗ ಮಾಡೋರೂ ಇದಾರೆ, ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಹೆಂಡ್ತಿಗೆ ಹೊಡೆದೋನು ಪ್ರಾರ್ಥನೆಯಲ್ಲಿ ಕಣ್ಣೀರು ಹಾಕಿ, ದೇವರೇ ಕ್ಷಮಿಸಿದಾನೆ, ನೀನ್ಯಾಕೆ ವಾಪಸ್ ಬರಲ್ಲ ಅಂತ ಅವಳ ಮೇಲೆ ಒತ್ತಡ ಹಾಕೋದು. ದಾವೀದನಿಗೆ ಕ್ಷಮೆ ತಕ್ಷಣ ಸಿಕ್ತು, ಹಾಗಂತ ಅವನ ಮನೆ ಸರಿ ಹೋಗ್ಲಿಲ್ಲ, ಅದೇ 2 ಸಮುವೇಲ 12 ಮುಂದೆ ಓದಿ. ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯ (ಲೂಕ 19) ಯೇಸುವನ್ನ ಮನೆಗೆ ಸೇರಿಸ್ಕೊಂಡ ಮೇಲೆ, ಮೋಸ ಮಾಡಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತ ತಾನೇ ಎದ್ದು ನಿಂತು ಹೇಳಿದ. ದೇವರ ಕ್ಷಮೆ ಒಂದು, ಮನುಷ್ಯರ ನಂಬಿಕೆ ವಾಪಸ್ ಗಳಿಸೋದು ಇನ್ನೊಂದು, ಅದಕ್ಕೆ ವರ್ಷಗಳೇ ಬೇಕಾಗ್ಬೋದು, ಗಳಿಸೋಕೆ ಆಗದೇನೂ ಇರ್ಬೋದು. ಅಂಥ ಗಂಡ ಬಂದ್ರೆ ಅವನ ಜೊತೆ ಅವತ್ತೇ ಪ್ರಾರ್ಥನೆ ಮಾಡ್ತೀನಿ, ಹೆಂಡ್ತಿ ಕೊಟ್ಟಿರೋ ಪೊಲೀಸ್ ಕಂಪ್ಲೇಂಟ್ ವಾಪಸ್ ತಗೋ ಅಂತ ಮಾತ್ರ ಅವಳಿಗೆ ಹೇಳಲ್ಲ.