ಇಂಗ್ಲಿಷ್ ಬೇಗ ಕಲಿತ ಮಗುವಿನ ಹೆಗಲ ಮೇಲೆ

ಬೇರೆ ದೇಶಕ್ಕೆ ಹೋದವರಿಗೆ ಮೊದಲ ಕೆಲವು ವರ್ಷ ಕಷ್ಟ. ಆಮೇಲೆ ಭಾಷೆ ಬರುತ್ತದೆ, ಕೆಲಸ ಸಿಗುತ್ತದೆ, ಮಕ್ಕಳ ಕಾಲಕ್ಕಂತೂ ಎಲ್ಲ ಸರಿಹೋಗುತ್ತದೆ. ನಾವೆಲ್ಲ ಹೀಗೇ ಅಂದುಕೊಂಡಿರುತ್ತೇವೆ, ಅಲ್ವಾ? 1998ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು.

ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕೌಂಟಿ ಅಂದರೆ ದ್ರಾಕ್ಷಿ, ಬಾದಾಮಿ ಬೆಳೆಯುವ ಬಯಲು. ಅಲ್ಲಿನ ತೋಟಗಳಲ್ಲಿ ಬಿಸಿಲಲ್ಲಿ ದುಡಿಯುವವರಲ್ಲಿ ಮೆಕ್ಸಿಕೊದಿಂದ ಬಂದವರೇ ಜಾಸ್ತಿ. ವಿಲಿಯಂ ವೇಗಾ ಮತ್ತು ಜೊತೆಯವರು ಅಲ್ಲಿ 18ರಿಂದ 59 ವರ್ಷದ ಸುಮಾರು 3,000 ಮೆಕ್ಸಿಕನ್ ಮೂಲದವರನ್ನು ಕೂರಿಸಿ ಮಾತಾಡಿಸಿದರು. ಖಿನ್ನತೆ, ಆತಂಕ, ಕುಡಿತದ ಚಟ ಎಲ್ಲ ಸೇರಿಸಿ, ಬದುಕಿನಲ್ಲಿ ಯಾವಾಗಲಾದರೂ ಮನಸ್ಸಿನ ಕಾಯಿಲೆ ಬಂದಿದ್ದವರು ಎಷ್ಟು ಅಂತ ಎಣಿಸಿದರು. ಮೆಕ್ಸಿಕೊದಲ್ಲಿ ಹುಟ್ಟಿ ವಲಸೆ ಬಂದವರಲ್ಲಿ ನೂರಕ್ಕೆ ಸುಮಾರು 25. ಅಮೆರಿಕದಲ್ಲೇ ಹುಟ್ಟಿದವರಲ್ಲಿ 48. ವಲಸೆ ಬಂದವರಲ್ಲೂ ಅಷ್ಟೇ, ಬಂದು ಹೆಚ್ಚು ವರ್ಷ ಆದವರಲ್ಲಿ ಕಾಯಿಲೆ ಹೆಚ್ಚು.

ಇದಕ್ಕೆ ಸಂಶೋಧಕರು 'ವಲಸಿಗರ ವಿರೋಧಾಭಾಸ' ಅಂತ ಹೆಸರಿಟ್ಟಿದ್ದಾರೆ. ಕಾರಣಗಳ ಬಗ್ಗೆ ಇನ್ನೂ ಜಗಳ ಇದೆ. ಗಡಿ ದಾಟಿ ಬರುವ ಗಟ್ಟಿತನ ಇರುವವರೇ ವಲಸೆ ಬರುತ್ತಾರೆ ಅನ್ನುವುದು ಒಂದು ವಾದ. ನನಗೆ ಜಾಸ್ತಿ ಒಪ್ಪಿಗೆಯಾಗುವುದು ಇನ್ನೊಂದು. ಅಪ್ಪ ತನ್ನ ಬದುಕನ್ನು ತಾನು ಬಿಟ್ಟುಬಂದ ಹಳ್ಳಿಯ ಜೊತೆ ಹೋಲಿಸಿಕೊಂಡು ಪರವಾಗಿಲ್ಲ ಅಂದುಕೊಳ್ಳುತ್ತಾನೆ, ಮಗ ಹೋಲಿಸಿಕೊಳ್ಳುವುದು ಪಕ್ಕದ ಬೆಂಚಿನ ಹುಡುಗನ ಜೊತೆ.

ಒಂದು ಎಚ್ಚರಿಕೆ. ಫ್ರೆಸ್ನೊ ಲೆಕ್ಕ ದೊಡ್ಡವರದ್ದು. ಹದಿಹರೆಯದವರ ವಿಷಯಕ್ಕೆ ಬಂದರೆ ಚಿತ್ರ ಇಷ್ಟು ಸಲೀಸಾಗಿಲ್ಲ, ಒಂದೊಂದು ಅಧ್ಯಯನ ಒಂದೊಂದು ಹೇಳುತ್ತದೆ. ಅದೂ ಅಲ್ಲದೆ ಲ್ಯಾಟಿನ್ ಅಮೆರಿಕದ ಮೂಲದವರನ್ನೆಲ್ಲ ಒಟ್ಟಿಗೆ ಕರೆಯುವ 'ಲ್ಯಾಟಿನೊ' ಅನ್ನುವುದೇ ಒಂದು ದೊಡ್ಡ ಗೋಣಿಚೀಲ. ಮಯಾಮಿಯ ಕ್ಯೂಬಾದವರು, ಹುಟ್ಟಿನಿಂದಲೇ ಅಮೆರಿಕದ ಪೌರರಾಗಿರುವ ಪೋರ್ಟೊರಿಕೊದವರು, ಕಾಗದಪತ್ರ ಇಲ್ಲದೆ ಬಂದ ಗ್ವಾಟೆಮಾಲದವರು, ಎಲ್ಲರನ್ನೂ ಅದರೊಳಗೆ ತುಂಬಿಬಿಟ್ಟಿದ್ದಾರೆ. ಆದರೂ ಹೈಸ್ಕೂಲ್ ಮಕ್ಕಳ ಮನಸ್ಸು ಚೆನ್ನಾಗಿಲ್ಲ ಅನ್ನುವುದಂತೂ ನಿಜ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎರಡು ವರ್ಷಕ್ಕೊಮ್ಮೆ ಅವರನ್ನು ಒಂದು ಪ್ರಶ್ನೆ ಕೇಳುತ್ತದೆ: ಕಳೆದ ಒಂದು ವರ್ಷದಲ್ಲಿ, ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಮಾಮೂಲಿ ಕೆಲಸ ಬಿಡುವಷ್ಟು ದುಃಖ ಅಥವಾ ಹತಾಶೆ ಕಾಡಿತ್ತಾ? 2021ರಲ್ಲಿ ಎಲ್ಲ ಮಕ್ಕಳಲ್ಲಿ ಹೌದು ಅಂದವರು 42%, ಲ್ಯಾಟಿನೊ ಮಕ್ಕಳಲ್ಲಿ 46%. ಹುಡುಗ ಹುಡುಗಿಯರ ನಡುವಿನ ಅಂತರ ಇದಕ್ಕಿಂತ ಎಷ್ಟೋ ದೊಡ್ಡದು: ಒಟ್ಟಾರೆ ಹುಡುಗಿಯರಲ್ಲಿ 57%, ಹುಡುಗರಲ್ಲಿ 29%. ಇದು ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದ ಖಿನ್ನತೆ ಅಲ್ಲ, ಮಕ್ಕಳೇ ಹೇಳಿಕೊಂಡಿದ್ದು.

ಈಗ ಮನೆಯೊಳಗೆ ಬರೋಣ. ಕಥೆ ಇರುವುದು ಅಲ್ಲೇ.

1970ರ ದಶಕದಲ್ಲಿ ಮಯಾಮಿಯಲ್ಲಿ ಹೊಸೆ ಸಾಪೊಸ್ನಿಕ್ ಅನ್ನುವ ಮನಶ್ಶಾಸ್ತ್ರಜ್ಞರು ಕ್ಯೂಬಾದಿಂದ ಬಂದ ಕುಟುಂಬಗಳ ಜೊತೆ ಕೆಲಸ ಮಾಡುತ್ತಿದ್ದರು. ಮಗ ಮಾತು ಕೇಳಲ್ಲ, ಹಾಳಾಗಿ ಹೋಗಿದ್ದಾನೆ ಅನ್ನುವ ದೂರು ಹೊತ್ತು ಬರುವ ಮನೆಗಳಲ್ಲಿ ಅವರು ಒಂದು ವಿಷಯ ಗಮನಿಸಿದರು. ಮಕ್ಕಳು ಹೊಸ ದೇಶದ ರೀತಿಯನ್ನು ಓಡೋಡುತ್ತಾ ಕಲಿಯುತ್ತಾರೆ. ಅಪ್ಪ ಅಮ್ಮ ನಿಧಾನ. ಕೆಲವೇ ವರ್ಷದಲ್ಲಿ ಒಂದೇ ಮನೆಯಲ್ಲಿ ಎರಡು ದೇಶ ಹುಟ್ಟಿಕೊಳ್ಳುತ್ತವೆ. ಹದಿಹರೆಯದಲ್ಲಿ ಎಲ್ಲ ಮನೆಯಲ್ಲೂ ಜಗಳ ಇದ್ದದ್ದೇ, ಆದರೆ ಇಲ್ಲಿ ಪ್ರತಿ ಜಗಳಕ್ಕೂ ಸಂಸ್ಕೃತಿಯ ಬಣ್ಣ ಬಳಿಯುತ್ತದೆ. ಗೆಳತಿಯ ಮನೆಯಲ್ಲಿ ರಾತ್ರಿ ಉಳಿಯುತ್ತೇನೆ ಅಂತ ಮಗಳು ಕೇಳಿದರೆ ಅದು ಬರೀ ಒಂದು ರಾತ್ರಿಯ ಪ್ರಶ್ನೆ ಆಗಿ ಉಳಿಯುವುದಿಲ್ಲ, 'ನೀನೂ ಅವರ ಹಾಗೇ ಆಗಿಬಿಟ್ಟೆ' ಅನ್ನುವ ತೀರ್ಪೇ ಬಂದುಬಿಡುತ್ತದೆ. 1992ರಲ್ಲಿ ಅಲೆಹಾಂದ್ರೊ ಪೋರ್ಟೆಸ್ ಮತ್ತು ರೂಬೆನ್ ರುಂಬೋ ಮಯಾಮಿ ಹಾಗೂ ಸ್ಯಾನ್ ಡಿಯಾಗೊ ಸುತ್ತಮುತ್ತಲಿನ 5,000ಕ್ಕೂ ಹೆಚ್ಚು ವಲಸಿಗರ ಮಕ್ಕಳನ್ನು ಬೆನ್ನುಹತ್ತಿ ನೋಡಲು ಶುರುಮಾಡಿದರು. ಅಲ್ಲೂ ಖಿನ್ನತೆಯ ಲಕ್ಷಣಗಳ ಜೊತೆ ಗಟ್ಟಿಯಾಗಿ ಅಂಟಿಕೊಂಡಿದ್ದು ಮಕ್ಕಳು ಮತ್ತು ಹೆತ್ತವರ ನಡುವಿನ ಈ ಜಗಳವೇ.

ಇನ್ನೊಂದು ಭಾರ ಇದೆ, ಹೊರಗಿನವರಿಗೆ ಕಾಣುವುದೇ ಇಲ್ಲ. ಇಂಗ್ಲಿಷ್ ಬರುವ ಮಗುವೇ ಮನೆಯ ದುಭಾಷಿ. ಬ್ಯಾಂಕಿನ ಪತ್ರ, ಬಾಡಿಗೆ ಕರಾರು, ಸ್ಕೂಲಿನಲ್ಲಿ ತನ್ನ ಬಗ್ಗೆಯೇ ಟೀಚರ್ ಹೇಳುವ ದೂರು, ಆಸ್ಪತ್ರೆಯಲ್ಲಿ ಅಮ್ಮನ ಗರ್ಭಕೋಶದ ವಿಷಯ, ಎಲ್ಲವನ್ನೂ ಹನ್ನೆರಡು ವರ್ಷದ ಹುಡುಗಿ ಸ್ಪ್ಯಾನಿಷ್‌ಗೆ ಮಾಡಿ ಹೇಳಬೇಕು. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲೂ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಆ ಅಂತರ ನಮಗೆ ಗೊತ್ತಿರುವುದೇ. ಆದರೆ ಇಂಗ್ಲಿಷ್ ಬಲ್ಲ ಇಂಜಿನಿಯರ್ ಅಪ್ಪನ ಪರವಾಗಿ ಮಗಳು ಡಾಕ್ಟರ್ ಜೊತೆ ಮಾತಾಡಬೇಕಾಗಿಲ್ಲ. ಹಾಗಾಗಿ 'ನಮ್ಮದೂ ಅದೇ ಕಥೆ' ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸಿಲ್ಲ. ದುಭಾಷಿ ಕೆಲಸ ಎಲ್ಲ ಮಕ್ಕಳಿಗೂ ಕೆಟ್ಟದ್ದು ಮಾಡುತ್ತದೆ ಅಂತಲೂ ಇಲ್ಲ. 'ನಾನಿಲ್ಲದೆ ಮನೆ ನಡೆಯಲ್ಲ' ಅಂತ ಹೆಮ್ಮೆಪಡುವ ಮಗುವಿಗೆ ಅದರಿಂದ ಬಲ ಬರುತ್ತದೆ. ಅದನ್ನೇ ಹೊರೆ ಅಂದುಕೊಂಡ ಮಗುವಿಗೆ ಖಿನ್ನತೆ ಹತ್ತಿರ.

ಇಷ್ಟೆಲ್ಲ ಮಾಡಿದ ಮಗು ಎರಡೂ ಕಡೆ ಸಲ್ಲುತ್ತದಾ? ಅದೂ ಕಷ್ಟ. ಸ್ಕೂಲಿನಲ್ಲಿ 'ನೀನು ಎಲ್ಲಿಯವಳು, ನಿಜವಾಗಿ ಎಲ್ಲಿಯವಳು' ಅಂತ ಕೇಳುತ್ತಾರೆ. ರಜೆಯಲ್ಲಿ ಅಜ್ಜಿ ಮನೆಗೆ ಹೋದರೆ ದೊಡ್ಡಮ್ಮನ ಮಕ್ಕಳು ಅವಳ ಹರುಕು ಸ್ಪ್ಯಾನಿಷ್ ಕೇಳಿ ನಗುತ್ತಾರೆ. 'ನನಗೆ ಗೊತ್ತಿಲ್ಲ' ಅನ್ನಲು 'ನೊ ಸೇ' ಅನ್ನಬೇಕು, ಸರಿಯಾಗಿ ಬಾರದ ಮಕ್ಕಳು 'ನೊ ಸಾಬೊ' ಅಂದುಬಿಡುತ್ತಾರೆ, ಅದೇ ಈಗ ಇಡೀ ಪೀಳಿಗೆಗೆ ಅಡ್ಡಹೆಸರು: ನೊ ಸಾಬೊ ಮಕ್ಕಳು. 'ನಿ ದೆ ಆಕಿ, ನಿ ದೆ ಆಯಾ' ಅಂತ ಅವರೇ ಹೇಳಿಕೊಳ್ಳುತ್ತಾರೆ. ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ. ಹೊರಗಿನ ಈ ತಿರಸ್ಕಾರ ಖಿನ್ನತೆಗೆ ದಾರಿ ಮಾಡುತ್ತದೆ ಅನ್ನುವುದು ಒಂದಾದ ಮೇಲೊಂದು ಅಧ್ಯಯನದಲ್ಲಿ ಕಂಡಿದೆ. ಮನೆಯಲ್ಲಿ ಬಾಯಿಬಿಟ್ಟರೆ ಸಿಗುವ ಉತ್ತರ 'ಎಚಲೆ ಗಾನಾಸ್'. ನಮ್ಮಲ್ಲಿ 'ಮನಸ್ಸು ಗಟ್ಟಿ ಮಾಡ್ಕೋ' ಅಂತೀವಲ್ಲ, ಹಾಗೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಕೇಳಿದ ಮಗು ಮತ್ತೆ ಬಾಯಿಬಿಡುವುದಿಲ್ಲ.

ಹಾಗಂತ ಈ ಕುಟುಂಬಗಳೇ ಕಾಯಿಲೆಯ ಮೂಲ ಅನ್ನುವ ತೀರ್ಮಾನಕ್ಕೆ ಓಡಬೇಡಿ. 'ಫಮಿಲಿಸ್ಮೊ' ಅನ್ನುವ ಪದ ಈ ಸಂಶೋಧನೆಗಳಲ್ಲಿ ಪುಟಪುಟಕ್ಕೂ ಸಿಗುತ್ತದೆ, ಮೊದಲು ಮನೆ, ಆಮೇಲೆ ನಾನು ಅನ್ನುವ ಮನೋಭಾವ. ಇವಾ ಟೆಲ್ಜರ್ ಮತ್ತು ಆಂಡ್ರ್ಯೂ ಫುಲಿಗ್ನಿ ಹದಿಹರೆಯದವರನ್ನು ಮೆದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಒಂದು ಆಟ ಆಡಿಸಿದರು. ದುಡ್ಡು ತನಗೇ ಬರುವ ಆಯ್ಕೆ ಇರುತ್ತದೆ, ತನ್ನ ಕೈಯಿಂದ ಬಿಟ್ಟು ಮನೆಯವರಿಗೆ ಕೊಡುವ ಆಯ್ಕೆಯೂ ಇರುತ್ತದೆ. ಮನೆಯವರಿಗೆ ಕೊಟ್ಟಾಗ ಯಾರ ಮೆದುಳಿನಲ್ಲಿ ಖುಷಿಯ ಭಾಗ ಹೆಚ್ಚು ಚುರುಕಾಯಿತೋ, ಅವರಲ್ಲಿ ಮುಂದೆ ಖಿನ್ನತೆಯ ಲಕ್ಷಣಗಳು ಇಳಿದವು. ಸ್ವಂತ ಮೋಜಿಗಾಗಿ ಅಪಾಯಕ್ಕೆ ಕೈಹಾಕುವ ಇನ್ನೊಂದು ಆಟದಲ್ಲಿ ಅದೇ ಭಾಗ ಚುರುಕಾದವರಲ್ಲಿ ಲಕ್ಷಣಗಳು ಏರಿದವು. ಇದು 2014ರಲ್ಲಿ ಪ್ರಕಟವಾಯಿತು. ಸಣ್ಣ ಅಧ್ಯಯನ, ಇದೊಂದನ್ನೇ ಹಿಡಿದು ಹಾರಾಡುವಂತಿಲ್ಲ, ಆದರೂ 'ಮನೆಯ ಜವಾಬ್ದಾರಿ ಅಂದರೆ ಬರೀ ಹೊರೆ' ಅನ್ನುವ ಮಾತಿಗೆ ಒಳ್ಳೆಯ ಉತ್ತರ.

ಇಲ್ಲಿ ಒಂದು ಹಳೆಯ ವಾಕ್ಯ ನೆನಪಾಗುತ್ತದೆ. ಎರಡು ಸಂಸ್ಕೃತಿಗಳು ಮುಖಾಮುಖಿಯಾದಾಗ ಏನಾಗುತ್ತದೆ ಅಂತ ರೆಡ್‌ಫೀಲ್ಡ್, ಲಿಂಟನ್, ಹರ್ಸ್ಕೊವಿಟ್ಸ್ ಎಂಬ ಮೂವರು ಮಾನವಶಾಸ್ತ್ರಜ್ಞರು 1936ರಲ್ಲಿ ಒಂದು ವ್ಯಾಖ್ಯೆ ಬರೆದರು. ಬದಲಾವಣೆ ಎರಡರಲ್ಲಿ ಯಾವುದರಲ್ಲಾದರೂ ಆಗಬಹುದು, ಎರಡರಲ್ಲೂ ಆಗಬಹುದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆಮೇಲೆ ಬಂದವರು ಅಳೆದಿದ್ದು ಮಾತ್ರ ಹೆಚ್ಚಾಗಿ ಒಂದೇ ಕಡೆ. ಮಗು ಎಷ್ಟು ಹೊಂದಿಕೊಂಡಿತು, ಮನೆಯಲ್ಲಿ ಯಾವ ಭಾಷೆ, ಗೆಳೆಯರು ಯಾರು. ಆಚೆ ಕಡೆಯವರು ಎಷ್ಟು ಹೊಂದಿಕೊಂಡರು ಅಂತ ಕೇಳಿದವರು ಕಡಿಮೆ.

ಕೇಳಿದವರಲ್ಲಿ ಒಬ್ಬರು ಪೋರ್ಟೊರಿಕೊದ ಮನಶ್ಶಾಸ್ತ್ರಜ್ಞ ಗಿಯೆರ್ಮೊ ಬೆರ್ನಾಲ್. ಮಗು ಚಿಕಿತ್ಸೆಗೆ ಹೊಂದಿಕೊಳ್ಳುವ ಬದಲು ಚಿಕಿತ್ಸೆಯೇ ಮಗುವಿಗೆ ಹೊಂದಿಕೊಳ್ಳಲಿ ಅನ್ನುವುದು ಅವರ ವಾದ. ಭಾಷೆ ಬದಲಿಸಿದರೆ ಮುಗಿಯಿತು ಅಂತ ಅಲ್ಲ. ಅಲ್ಲಿನ ಗಾದೆ, ಹೋಲಿಕೆ ಬಳಸಬೇಕು, ಚಿಕಿತ್ಸೆಯ ಗುರಿಯನ್ನೂ ಮತ್ತೆ ನೋಡಬೇಕು. ಹದಿನಾರು ವರ್ಷದವಳು ಅಮ್ಮನಿಗೆ ಅಂಟಿಕೊಂಡಿದ್ದರೆ ಅದು ರೋಗದ ಲಕ್ಷಣ ಅಂತ ಪುಸ್ತಕ ನೋಡಿ ಬರೆದುಬಿಡಬಾರದು, ಆ ಊರಿನಲ್ಲಿ ಅದು ಸಹಜ. ಜೀನೆಟ್ ರೊಸೆಯೊ ಜೊತೆ ಸೇರಿ ಅವರು ಖಿನ್ನತೆ ಇದ್ದ 71 ಮಕ್ಕಳ ಮೇಲೆ ಹೀಗೆ ಹೊಂದಿಸಿದ ಎರಡು ಬಗೆಯ ಮಾತಿನ ಚಿಕಿತ್ಸೆ ಮಾಡಿನೋಡಿದರು. ಒಂದು ಯೋಚನೆಯ ರೀತಿಯನ್ನು ತಿದ್ದುವಂಥದ್ದು, ಇನ್ನೊಂದು ಸಂಬಂಧಗಳ ಗಂಟನ್ನು ಬಿಡಿಸುವಂಥದ್ದು. 1999ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಕೆಲಸ ಮಾಡಿದ್ದವು. ಆದರೆ ಮತ್ತೆ ಎಂದಿನಂತೆ ನಡೆದುಕೊಳ್ಳುವ ಸ್ಥಿತಿಗೆ ಬಂದವರು ಮೊದಲನೆಯದರಲ್ಲಿ 59%, ಸಂಬಂಧಗಳ ಚಿಕಿತ್ಸೆಯಲ್ಲಿ 82%.

ಚಿಕಿತ್ಸೆ ಬಗ್ಗಿತು ಸರಿ. ಕಾನೂನು ಬಗ್ಗಿದರೆ? ಇದಕ್ಕೆ ಅಚ್ಚರಿಯ ಪ್ರಯೋಗವೊಂದು ತಾನಾಗೇ ನಡೆದುಹೋಗಿದೆ. ಚಿಕ್ಕವರಿದ್ದಾಗಲೇ ಕಾಗದಪತ್ರ ಇಲ್ಲದೆ ಅಮೆರಿಕಕ್ಕೆ ಬಂದವರನ್ನು ಸದ್ಯಕ್ಕೆ ಗಡೀಪಾರು ಮಾಡುವುದಿಲ್ಲ ಅನ್ನುವ 'ಡಾಕಾ' ಯೋಜನೆಯನ್ನು ಒಬಾಮ ಸರ್ಕಾರ 2012ರ ಜೂನ್ 15ರಂದು ಘೋಷಿಸಿತು. ಆ ದಿನಕ್ಕೆ 31 ತುಂಬಿರಬಾರದು ಅನ್ನುವುದು ಒಂದು ಷರತ್ತು. ಜೆನ್ಸ್ ಹೈನ್‌ಮ್ಯೂಲರ್ ಮತ್ತು ಸಂಗಡಿಗರು ಆರೆಗಾನ್ ರಾಜ್ಯದ ಸರ್ಕಾರಿ ಆರೋಗ್ಯ ವಿಮೆಯ ದಾಖಲೆಗಳನ್ನು ತೆಗೆದು, ಈ ಗೆರೆಯ ಸ್ವಲ್ಪ ಈಚೆ ಮತ್ತು ಸ್ವಲ್ಪ ಆಚೆ ಹುಟ್ಟಿದ ತಾಯಂದಿರ ಮಕ್ಕಳನ್ನು ಹೋಲಿಸಿದರು. ಮಕ್ಕಳೆಲ್ಲ ಅಮೆರಿಕದಲ್ಲೇ ಹುಟ್ಟಿದವರು, ಪೌರತ್ವ ಇರುವವರು. ಗಡೀಪಾರಿನ ಭಯ ಇದ್ದದ್ದು ಅಮ್ಮಂದಿರಿಗೆ. ಯೋಜನೆಗೆ ಸಿಗದ ತಾಯಂದಿರ ಮಕ್ಕಳಲ್ಲಿ ಆತಂಕ ಮತ್ತು ಹೊಂದಾಣಿಕೆಯ ತೊಂದರೆ ಇದೆ ಅಂತ ಡಾಕ್ಟರ್ ಬರೆದದ್ದು ನೂರಕ್ಕೆ ಸುಮಾರು 8 ಮಕ್ಕಳಿಗೆ. ಯೋಜನೆಗೆ ಸಿಕ್ಕ ತಾಯಂದಿರ ಮಕ್ಕಳಲ್ಲಿ ಅದು ಅರ್ಧಕ್ಕಿಂತ ಕಡಿಮೆ. ಇದು ಖಿನ್ನತೆಯ ಲೆಕ್ಕ ಅಲ್ಲ ನಿಜ, ಆದರೆ ಅದರ ಪಕ್ಕದ ಮನೆಯದ್ದು.

ಆ ಮಕ್ಕಳಿಗೆ ಯಾರೂ ಮಾತ್ರೆ ಕೊಟ್ಟಿರಲಿಲ್ಲ. ಅಮ್ಮ 1981ರ ಜೂನ್ 15ಕ್ಕೆ ಹುಟ್ಟಿದ್ದರೆ ಷರತ್ತಿನಿಂದ ಹೊರಗೆ, 16ಕ್ಕೆ ಹುಟ್ಟಿದ್ದರೆ ಒಳಗೆ.