ಕಿಕ್ಕರ್‌ನ ಮುಟ್ಟಿದರೆ 5 ಯಾರ್ಡಾ, 15 ಯಾರ್ಡಾ?

2003ರ ಜನವರಿ 11, ನ್ಯಾಶ್‌ವಿಲ್. ಟೆನೆಸ್ಸಿ ಟೈಟನ್ಸ್ ಮತ್ತು ಪಿಟ್ಸ್‌ಬರ್ಗ್ ಸ್ಟೀಲರ್ಸ್ ನಡುವಿನ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಪ್ಲೇಆಫ್ (ನಾಕೌಟ್) ಪಂದ್ಯ 31-31ಕ್ಕೆ ನಿಂತು ಓವರ್‌ಟೈಮ್‌ಗೆ ಹೋಗಿತ್ತು. ಆಗಿನ ನಿಯಮದ ಪ್ರಕಾರ ಯಾರು ಮೊದಲು ಅಂಕ ಗಳಿಸ್ತಾರೋ ಅವರೇ ಗೆದ್ದ ಹಾಗೆ. ಟೈಟನ್ಸ್ ಕಿಕ್ಕರ್ ಜೋ ನೆಡ್ನಿ 31 ಯಾರ್ಡ್ ದೂರದಿಂದ ಒದ್ದರು, ಚೆಂಡು ಕಂಬಗಳ ಮಧ್ಯೆ ಹೋಯಿತು, ಜನ ಕುಣಿಯಲು ಶುರುಮಾಡಿದರು. ಆದರೆ ಅಷ್ಟರಲ್ಲಿ ಸ್ಟೀಲರ್ಸ್ ಟೈಮ್‌ಔಟ್ ಕೇಳಿಬಿಟ್ಟಿತ್ತು. ಮತ್ತೆ ಒದೆಯಬೇಕಾಯಿತು, ಈ ಸಲ ಗುರಿ ತಪ್ಪಿತು. ಸ್ಟೀಲರ್ಸ್‌ನವರು ಬಚಾವಾದೆವು ಅಂದುಕೊಳ್ಳುವಷ್ಟರಲ್ಲಿ ನೆಲದ ಮೇಲೆ ಹಳದಿ ಬಾವುಟ, ಅಂದರೆ ಯಾರೋ ತಪ್ಪು ಮಾಡಿದ್ದಾರೆ ಅಂತ! ಡಿವೇಯ್ನ್ ವಾಷಿಂಗ್ಟನ್ ಓಡಿಬಂದು ನೆಡ್ನಿಗೆ ತಾಗಿದ್ದರು, ನೆಡ್ನಿ ದೊಡ್ಡದಾಗಿಯೇ ಬಿದ್ದಿದ್ದರು. ದಂಡ 5 ಯಾರ್ಡ್. ಮೂರನೇ ಸಲ 26 ಯಾರ್ಡಿನಿಂದ ಒದ್ದಾಗ ಚೆಂಡು ಒಳಗೆ ಹೋಯಿತು, ಟೈಟನ್ಸ್ 34-31ರಿಂದ ಗೆದ್ದರು. ಆಮೇಲೆ ನೆಡ್ನಿ ಆಟ ಬಿಟ್ಟ ಮೇಲೆ ನಟನೆಗೆ ಹೋಗಬಹುದೇನೋ ಅಂತ ತಮಾಷೆ ಮಾಡಿದರು. ಸ್ಟೀಲರ್ಸ್ ಅಭಿಮಾನಿಗಳಿಗೆ ಆ ತಮಾಷೆ ಹೇಗೆ ಕೇಳಿಸಿರಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಇದು ವಿಚಿತ್ರ ಅನಿಸುತ್ತೆ. ಒಬ್ಬರಿಗೊಬ್ಬರು ಗುದ್ದಿಕೊಳ್ಳುವುದೇ ಆಟವಾಗಿರುವಾಗ ಒಬ್ಬನನ್ನು ಮಾತ್ರ ಮುಟ್ಟಬಾರದು ಅಂದರೆ ಏನರ್ಥ? ಕಾರಣ ಸರಳ. ಒದೆಯುವವನು ಒಂದೇ ಕಾಲಿನ ಮೇಲೆ ನಿಂತಿರುತ್ತಾನೆ. ಇನ್ನೊಂದು ಕಾಲು ಗಾಳಿಯಲ್ಲಿ, ಕಣ್ಣು ಚೆಂಡಿನ ಮೇಲೆ. ಎದುರಿನಿಂದ 100 ಕಿಲೋಗೂ ಜಾಸ್ತಿ ತೂಕದವನು ಹಾರಿಬಂದರೆ ಅವನು ತಪ್ಪಿಸಿಕೊಳ್ಳುವ ಹಾಗೂ ಇಲ್ಲ, ಸಾವರಿಸಿಕೊಳ್ಳುವ ಹಾಗೂ ಇಲ್ಲ. ನೆಲದ ಮೇಲಿರುವ ಆ ಒಂದು ಮೊಣಕಾಲು ಅಡ್ಡಕ್ಕೆ ತಿರುಗಿದರೆ ಅವನ ವೃತ್ತಿಯೇ ಮುಗಿದುಹೋಗಬಹುದು.

ಹಳೇ ಕಾಲದಲ್ಲಿ ಕಿಕ್ಕರ್ ಅಂತ ಪ್ರತ್ಯೇಕ ಪ್ರಾಣಿ ಇರಲಿಲ್ಲ. 1905ರಲ್ಲಿ ಮೈದಾನದ ಸಾವುನೋವು ನೋಡಲಾಗದೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದ್ದರು. 1906ರಲ್ಲಿ ಮುಂದಕ್ಕೆ ಪಾಸ್ ಮಾಡಲು ಅನುಮತಿ ಬಂತು, 1912ರಲ್ಲಿ ಮೂರು ಡೌನ್ ಇದ್ದದ್ದು ನಾಲ್ಕಾಯಿತು. ಅಂದರೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಈ ನಾಲ್ಕನೇ ಡೌನೇ ಮುಂದೆ ಒದೆಯುವ ಡೌನ್ ಆಗಿ ನಿಂತಿತು. ಆದರೂ ಒದೆಯುತ್ತಿದ್ದವನು ಓಡುವವನೂ ಆಗಿದ್ದ, ತಡೆಯುವವನೂ ಆಗಿದ್ದ. ವಾಷಿಂಗ್ಟನ್ ತಂಡದ ಸ್ಯಾಮಿ ಬಾ ಅವರನ್ನೇ ನೋಡಿ: 1943ರಲ್ಲಿ ಪಾಸಿಂಗ್, ಪಂಟಿಂಗ್ (ಚೆಂಡನ್ನು ಕೈಯಿಂದ ಬಿಟ್ಟು ದೂರಕ್ಕೆ ಒದ್ದು ಎದುರಾಳಿಗೆ ಕೊಡುವುದು), ಎದುರಾಳಿಯ ಪಾಸ್ ಕಸಿಯುವುದು, ಮೂರರಲ್ಲೂ ಎನ್‌ಎಫ್‌ಎಲ್‌ಗೇ ಮೊದಲಿಗರು. ಇಂಥವರಿಗೆ ರಕ್ಷಣೆ ಬೇಕು ಅಂತ ಯಾರಿಗೆ ಅನಿಸುತ್ತೆ?

1950ರಲ್ಲಿ ಎನ್‌ಎಫ್‌ಎಲ್ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು ಅನ್ನುವುದನ್ನು ಕಾಯಂ ಮಾಡಿತು. ಅಲ್ಲಿಂದ ಒದೆಯುವುದೊಂದನ್ನೇ ಮಾಡುವ ಆಟಗಾರರಿಗೆ ಜಾಗ ಸಿಕ್ಕಿತು. 1964ರಲ್ಲಿ ಬಫಲೋ ಬಿಲ್ಸ್‌ಗೆ ಬಂದ ಪೀಟ್ ಗೊಗೊಲಾಕ್ ನೇರವಾಗಿ ಬೂಟಿನ ತುದಿಯಿಂದ ಒದೆಯುವ ಬದಲು ಸಾಕರ್ ಆಟಗಾರರ ಹಾಗೆ ಓರೆಯಾಗಿ ಓಡಿಬಂದು ಪಾದದ ಮೇಲ್ಭಾಗದಿಂದ ಒದ್ದರು, ಕ್ರಮೇಣ ಎಲ್ಲರೂ ಅದನ್ನೇ ಹಿಡಿದರು. ಹಾಗೆ ಒದೆಯುವಾಗ ಇಡೀ ದೇಹ ನೆಲಕ್ಕೂರಿದ ಕಾಲಿನ ಸುತ್ತ ತಿರುಗುತ್ತೆ. 1973ರಲ್ಲಿ ರೇಡರ್ಸ್ ತಂಡ ಪಂಟರ್ ರೇ ಗಯ್ ಅವರನ್ನು ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಕಾಲಿಗೆ ಇಷ್ಟು ಬೆಲೆ ಬಂದ ಮೇಲೆ ಅದನ್ನು ಕಾಯುವ ನಿಯಮವೂ ಬಿಗಿಯಾಗಲೇಬೇಕಲ್ವಾ?

ಈಗಿನ ಎನ್‌ಎಫ್‌ಎಲ್ ನಿಯಮದಲ್ಲಿ ತಪ್ಪು ಎರಡು ಬಗೆ. ಸಣ್ಣದು ‘ರನ್ನಿಂಗ್ ಇಂಟು ದ ಕಿಕ್ಕರ್’, 5 ಯಾರ್ಡ್ ದಂಡ. ಒದ್ದ ಕಾಲಿಗೆ ತಾಗಿದರೆ, ಅಥವಾ ಅವನ ಕೆಳಗೆ ಜಾರಿಬಂದು ಎರಡೂ ಕಾಲು ನೆಲಕ್ಕೆ ಬರದ ಹಾಗೆ ಮಾಡಿದರೆ ಇದು. ದೊಡ್ಡದು ‘ರಫಿಂಗ್ ದ ಕಿಕ್ಕರ್’, 15 ಯಾರ್ಡ್, ಜೊತೆಗೆ ತಾನಾಗಿಯೇ ಹೊಸ ಫಸ್ಟ್ ಡೌನ್, ಅಂದರೆ ಮತ್ತೆ ನಾಲ್ಕು ಅವಕಾಶ. ಒದ್ದ ಕಾಲು ಇನ್ನೂ ಮೇಲಿರುವಾಗ ನೆಲಕ್ಕೂರಿದ ಕಾಲಿಗೆ ಬಡಿದರೆ ಇದು. ಬೇಕಂತ ಮಾಡಿದನಾ, ಅಕಸ್ಮಾತ್ ಆಯ್ತಾ ಅನ್ನುವುದು ಇಲ್ಲಿ ಅಷ್ಟು ಮುಖ್ಯವಲ್ಲ. ಯಾವ ಕಾಲು, ಆಗ ಅದು ಎಲ್ಲಿತ್ತು, ಅಷ್ಟೇ.

ನನ್ನ ಪ್ರಕಾರ ಈ ವಿಂಗಡಣೆ ಒಳ್ಳೆಯದೇ. ಆದರೆ ಲೆಕ್ಕದಲ್ಲಿ ಒಂದು ತೊಡಕು ಇದೆ. ನಾಲ್ಕನೇ ಡೌನ್‌ನಲ್ಲಿ 12 ಯಾರ್ಡ್ ಬೇಕಿದ್ದರೆ 5 ಯಾರ್ಡಿನಿಂದ ಏನೂ ಆಗಲ್ಲ, ಬಹಳವೆಂದರೆ ಮತ್ತೊಮ್ಮೆ ಒದೆಯಬೇಕು, ಇಲ್ಲವೇ ದಂಡ ಬೇಡ ಅಂತ ಹೇಳಿ ಆದದ್ದನ್ನೇ ಒಪ್ಪಿಕೊಳ್ಳಬೇಕು. ಆದರೆ 4 ಯಾರ್ಡ್ ಬೇಕಿದ್ದಾಗ ಅದೇ ಸಣ್ಣ ತಪ್ಪು ಫಸ್ಟ್ ಡೌನನ್ನೇ ಕೊಟ್ಟುಬಿಡುತ್ತೆ! ಚೆಂಡು ಕೈಗೆ ಬರಲಿದೆ ಅಂತ ಬೆಂಚಿನಿಂದ ಎದ್ದ ಎದುರಾಳಿ ಕ್ವಾರ್ಟರ್‌ಬ್ಯಾಕ್ (ಆಕ್ರಮಣ ನಡೆಸುವ ಆಟಗಾರ) ಮತ್ತೆ ಹೋಗಿ ಕೂರಬೇಕು. ಕೋಚ್‌ಗಳು ಪಂಟ್ ತಡೆಯಲು ಯಾವಾಗ ನುಗ್ಗಬೇಕು, ಯಾವಾಗ ಸುಮ್ನೆ ನಿಲ್ಲಬೇಕು ಅಂತ ಲೆಕ್ಕ ಹಾಕುವುದು ಇದಕ್ಕೇ.

ಇದನ್ನೆಲ್ಲ ನೋಡಬೇಕಾದವರು ಮುಖ್ಯವಾಗಿ ಒಬ್ಬರು, ಬಿಳಿ ಟೋಪಿಯ ರೆಫರಿ. ಮೈದಾನದಲ್ಲಿ ಏಳು ಜನ ಅಧಿಕಾರಿಗಳಿದ್ದರೂ ಕಿಕ್ಕರ್ ಹಿಂದೆ ಸ್ವಲ್ಪ ಪಕ್ಕಕ್ಕೆ ನಿಂತು ಅವನನ್ನು ಕಾಯುವ ಕೆಲಸ ಇವರದು. ಚೆಂಡು ಎಷ್ಟೇ ಎತ್ತರಕ್ಕೆ ಹಾರಲಿ, ಇವರು ತಲೆ ಎತ್ತುವಂತಿಲ್ಲ. ಕಾಲು ನೋಡಿದರೆ ಸಾಲದು, ವಿನಾಯಿತಿಗಳ ಒಂದು ಪಟ್ಟಿಯನ್ನೇ ತಲೆಯಲ್ಲಿ ಇಟ್ಟುಕೊಂಡಿರಬೇಕು. ನುಗ್ಗಿದವನು ಮೊದಲು ಚೆಂಡನ್ನು ಮುಟ್ಟಿ ಆಮೇಲೆ ಅದೇ ರಭಸದಲ್ಲಿ ತಾಗಿದರೆ ತಪ್ಪಿಲ್ಲ. ಕಿಕ್ಕರ್‌ನ ಕಡೆಯವರೇ ಅವನನ್ನು ತಳ್ಳಿ ಕಿಕ್ಕರ್ ಮೇಲೆ ಬೀಳಿಸಿದರೆ ತಪ್ಪಿಲ್ಲ. ಪಂಟರ್ ನೆಲಕ್ಕೆ ಬಿದ್ದ ಚೆಂಡನ್ನು ಎತ್ತಿಕೊಂಡು ಒದ್ದರೆ ಅವನಿಗೆ ರಕ್ಷಣೆ ಇಲ್ಲ. ಎರಡೂ ಕಾಲು ನೆಲಕ್ಕೆ ಬಂದ ಮೇಲೆ ಕೆಳಗೆ ಬಿದ್ದಿದ್ದ ಎದುರಾಳಿಯನ್ನು ಕಿಕ್ಕರ್ ತಾನೇ ಎಡವಿದರೆ ಅದೂ ತಪ್ಪಲ್ಲ. ಇಬ್ಬರು ಒಟ್ಟಿಗೆ ನುಗ್ಗಿ, ಒಬ್ಬ ಚೆಂಡು ತಡೆದ ಅದೇ ಕ್ಷಣದಲ್ಲಿ ಇನ್ನೊಬ್ಬ ಕಿಕ್ಕರ್‌ಗೆ ತಾಗಿದರೆ? ಅದಕ್ಕೂ ಒಂದು ಟಿಪ್ಪಣಿ ಇದೆ, ಸಾಮಾನ್ಯವಾಗಿ ದಂಡ ಹಾಕಲ್ಲ. ಇನ್ನು ಕಿಕ್ಕರ್ ಸುಮ್ಮಸುಮ್ಮನೆ ಬಿದ್ದು ನಾಟಕ ಆಡಿದರೆ ಅದು ಅವನ ತಪ್ಪೇ, 15 ಯಾರ್ಡ್ ಅವನ ತಂಡಕ್ಕೆ. ಪುಸ್ತಕದಲ್ಲಿ ಹಾಗಿದೆ, ಆದರೆ ಅದಕ್ಕೆ ಬಾವುಟ ಬೀಳುವುದು ತೀರಾ ಅಪರೂಪ.

ಅಂದಹಾಗೆ ಬಾವುಟ ಅನ್ನುವುದೂ ಆಟದಷ್ಟು ಹಳೆಯದಲ್ಲ. ಮೊದಲು ಅಧಿಕಾರಿಗಳು ಪೀಪಿ ಊದುತ್ತಿದ್ದರು. 1941ರಲ್ಲಿ ಓಹಾಯೋದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿ ಬಟ್ಟೆ ಎಸೆಯುವ ಉಪಾಯ ತಂದರು, 1948ರಲ್ಲಿ ಎನ್‌ಎಫ್‌ಎಲ್ ಅದನ್ನು ಒಪ್ಪಿತು. ಹಳದಿ ಬಣ್ಣ ಬಂದಿದ್ದು 1965ರಲ್ಲಿ.

ಎಷ್ಟು ನಿಯಮ ಬರೆದರೂ ಹೊಸ ಘಟನೆ ಬಂದು ಅದರ ತೂತು ತೋರಿಸುತ್ತೆ. 2013ರ ಡಿಸೆಂಬರ್ 15ರಂದು ಪಿಟ್ಸ್‌ಬರ್ಗ್‌ನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಪಂಟರ್ ಕೆವಿನ್ ಹ್ಯೂಬರ್ ಒದ್ದ ಚೆಂಡನ್ನು ಹಿಡಿದು ಸ್ಟೀಲರ್ಸ್‌ನ ಆಂಟೋನಿಯೋ ಬ್ರೌನ್ ಓಡಿಬರುತ್ತಿದ್ದರು. ಅವರನ್ನು ತಡೆಯಲು ಹೊರಟ ಹ್ಯೂಬರ್‌ಗೆ ಟೆರೆನ್ಸ್ ಗಾರ್ವಿನ್ ಎಂಥಾ ಹೊಡೆತ ಕೊಟ್ಟರೆಂದರೆ ದವಡೆ ಮುರಿಯಿತು, ಬೆನ್ನುಮೂಳೆಯಲ್ಲೂ ಬಿರುಕು ಬಿಟ್ಟಿತು. ಬಾವುಟ ಬೀಳಲಿಲ್ಲ. ಬ್ರೌನ್ 67 ಯಾರ್ಡ್ ಓಡಿ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. ಒದ್ದು ಎಷ್ಟೋ ಹೊತ್ತಾಗಿತ್ತು, ಎರಡು ಕಾಲೂ ನೆಲದ ಮೇಲಿದ್ದವು, ಹಾಗಾಗಿ ಇದು ‘ರಫಿಂಗ್’ ಅಲ್ಲವೇ ಅಲ್ಲ. ಆದರೆ ಚೆಂಡು ವಾಪಸ್ ಬರುವಾಗಲೂ ಪಂಟರ್‌ನನ್ನು ‘ರಕ್ಷಣೆಯಿಲ್ಲದ ಆಟಗಾರ’ ಅಂತ ಲೀಗ್ ಬೇರೆ ಕಡೆ ಬರೆದಿತ್ತು, ಅಂದರೆ ಅವನ ತಲೆ, ಕುತ್ತಿಗೆಗೆ ಹೊಡೆಯುವ ಹಾಗಿಲ್ಲ. ದಂಡ ಹಾಕಬೇಕಿತ್ತು ಅಂತ ಲೀಗ್ ಆಮೇಲೆ ಒಪ್ಪಿಕೊಂಡಿತು, ಗಾರ್ವಿನ್‌ಗೆ 25,000 ಡಾಲರ್ ಜುಲ್ಮಾನೆ ಬಿತ್ತು.

2016ರ ನವೆಂಬರ್ 7ರ ಸಿಯಾಟಲ್ ಪಂದ್ಯದ್ದು ಇನ್ನೂ ದೊಡ್ಡ ಗೋಜಲು. ಮೊದಲರ್ಧ ಮುಗಿಯಲು ಕೆಲವೇ ಸೆಕೆಂಡು ಇದ್ದಾಗ ಬಫಲೋ ಕಿಕ್ಕರ್ ಡ್ಯಾನ್ ಕಾರ್ಪೆಂಟರ್ ಫೀಲ್ಡ್ ಗೋಲ್‌ಗೆ, ಅಂದರೆ ಚೆಂಡನ್ನು ಕಂಬಗಳ ಮಧ್ಯೆ ಒದೆಯಲು, ಸಜ್ಜಾದರು. ಸಿಯಾಟಲ್‌ನ ರಿಚರ್ಡ್ ಶರ್ಮನ್ ಆಫ್‌ಸೈಡ್ ಆಗಿ, ಅಂದರೆ ಆಟ ಶುರುವಾಗುವ ಮೊದಲೇ ಗೆರೆ ದಾಟಿ, ನುಗ್ಗಿ ಅವರ ಕಾಲಿಗೇ ಬಂದು ಅಪ್ಪಳಿಸಿದರು. ಅಧಿಕಾರಿಗಳು ಆಫ್‌ಸೈಡ್ ಒಂದನ್ನೇ ಕೊಟ್ಟರು, ಹೊಡೆತಕ್ಕೆ ಏನೂ ಇಲ್ಲ. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಕಾರ್ಪೆಂಟರ್‌ನ ನೋಡಲು ವೈದ್ಯಕೀಯ ಸಿಬ್ಬಂದಿ ಒಳಗೆ ಬಂದರು, ಹಾಗೆ ಬಂದರೆ ಆಟಗಾರ ಒಂದು ಪ್ಲೇ ಹೊರಗಿರಬೇಕು ಅನ್ನುವುದು ನಿಯಮ, ಹಾಗಾಗಿ ಬಿಲ್ಸ್ ಚೆಂಡನ್ನು ನೆಲಕ್ಕೆ ಬಡಿದು ಒಂದು ಪ್ಲೇ ಕಳೆದರು, ಕಾರ್ಪೆಂಟರ್ ವಾಪಸ್ ಬಂದರು, ಆಗ ಅಂಪೈರ್ ಚೆಂಡಿನ ಬಳಿಯೇ ನಿಂತಿದ್ದರಿಂದ ಸಮಯ ಮೀರಿಹೋಯಿತು, ಅದಕ್ಕೆ ಬಫಲೋಗೇ 5 ಯಾರ್ಡ್ ದಂಡ! 54 ಯಾರ್ಡಿಗೆ ಹಿಂದೆ ಸರಿದು ಒದ್ದರು, ತಪ್ಪಿತು. ಪಂದ್ಯ 31-25ರಿಂದ ಸೋತರು. ಅಧಿಕಾರಿಗಳ ವಿಭಾಗದ ಮುಖ್ಯಸ್ಥರಾಗಿದ್ದ ಡೀನ್ ಬ್ಲಾಂಡಿನೋ, ಅಲ್ಲಿ ಅನಗತ್ಯ ಒರಟುತನಕ್ಕೆ ದಂಡ ಹಾಕಬೇಕಿತ್ತು ಅಂತ ಅದೇ ರಾತ್ರಿ ಹೇಳಿದರು. ಬಫಲೋಗೆ ಅದರಿಂದ ಏನು ಬಂತು?

ಕಾಲೇಜು ಆಟದಲ್ಲಿ ತಲೆನೋವು ಬೇರೆ ಥರದ್ದು. ಅದು ಬಂದಿದ್ದು ಆಸ್ಟ್ರೇಲಿಯಾದಿಂದ. ಅಲ್ಲಿನ ಫುಟ್‌ಬಾಲ್ ಆಡಿ ಬೆಳೆದವರು ಪಕ್ಕಕ್ಕೆ ಓಡುತ್ತಾ ಓಡುತ್ತಾ ಒದೆಯುವುದರಲ್ಲಿ ನಿಪುಣರು. ದೇಶದ ಅತ್ಯುತ್ತಮ ಕಾಲೇಜು ಪಂಟರ್‌ಗೆ ಕೊಡುವ ರೇ ಗಯ್ ಪ್ರಶಸ್ತಿ 2013ರಿಂದ 2017ರವರೆಗೆ ಐದೂ ವರ್ಷ ಆಸ್ಟ್ರೇಲಿಯಾದವರಿಗೇ ಹೋಯಿತು. ಓಡುತ್ತಿರುವವನು ಒದೆಯುತ್ತಾನೋ, ಚೆಂಡು ಹಿಡಿದು ಹಾಗೇ ಓಡಿಬಿಡುತ್ತಾನೋ? ತಡೆಯಲು ಬಂದವನಿಗೆ ಹೇಗೆ ಗೊತ್ತಾಗಬೇಕು? ಓಡಿಹೋಗಬಹುದಾದವನನ್ನು ಮುಟ್ಟಲೇಬಾರದು ಅಂದರೆ ಅನ್ಯಾಯ. ಅದಕ್ಕೆ ಕಾಲೇಜು ನಿಯಮ ಒಂದು ಗೆರೆ ಎಳೆದಿದೆ: ಮಧ್ಯದಿಂದ ಎರಡೂ ಬದಿಗೆ ಸುಮಾರು 5 ಯಾರ್ಡಿನ ಆವರಣ, ಚೆಂಡು ಹಿಡಿದು ಅದರಾಚೆ ಹೋದ ಪಂಟರ್‌ಗೆ ವಿಶೇಷ ರಕ್ಷಣೆ ಇಲ್ಲ.

ಇಷ್ಟೆಲ್ಲ ಆದರೂ ಎನ್‌ಎಫ್‌ಎಲ್ ಈ ತಪ್ಪುಗಳಿಗೆ ವಿಡಿಯೋ ನೋಡಿ ಬಾವುಟ ವಾಪಸ್ ತೆಗೆಯಲು ದಾರಿ ಮಾಡಿದ್ದು 2025ರಲ್ಲಿ. ತಪ್ಪು ಆಗಿಲ್ಲ ಅಂತ ದೃಶ್ಯದಲ್ಲಿ ಸ್ಪಷ್ಟವಾಗಿ ಕಂಡರೆ ರೀಪ್ಲೇ ಅಧಿಕಾರಿ ಹೇಳಿ ತೆಗೆಸಬಹುದು. ಬೆರಳ ತುದಿ ಚೆಂಡಿಗೆ ಸೋಕಿದ್ದು ರೆಫರಿಗೆ ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತೆ, ಹಾಗಾಗಿ ಇದು ಕೆಲಸಕ್ಕೆ ಬರುವ ಬದಲಾವಣೆಯೇ. ಆದರೆ ಇದು ಒಮ್ಮುಖದ ದಾರಿ. ಬಿದ್ದ ಬಾವುಟ ಎತ್ತಬಹುದು, ಬೀಳದ ಬಾವುಟ ಹಾಕಿಸುವಂತಿಲ್ಲ. ಹ್ಯೂಬರ್‌ಗೆ ಬಿದ್ದಂಥ ಹೊಡೆತ ರೆಫರಿ ಕಣ್ಣಿಗೆ ಬೀಳದಿದ್ದರೆ ಟಚ್‌ಡೌನ್ ಹಾಗೇ ಉಳಿಯುತ್ತೆ, ಜುಲ್ಮಾನೆಯ ಮಾತು ಬರುವುದು ಪಂದ್ಯ ಮುಗಿದ ಮೇಲೆ.